ನನ್ನ ಹೊಲಿಗೆ ಮೇಜಿನ ಮೇಲೆ ಬಿಡಾರ ಹೂಡಿರುವ ಇಬ್ಬರು ಹೆಡರ್ ಮಹನೀಯರಿಗೆ

ಮಾನ್ಯ ನಾಲ್ಕೊಂದು ಹೆಡರ್ ಅವರೇ ಮತ್ತು ಅಷ್ಟೇ ಮಾನ್ಯರಾದ ನಾಲ್ಕೆರಡೊಂದು ಹೆಡರ್ ಅವರೇ,

ಬಗ್ಗಿ ವಂದಿಸೋಣವೆಂದರೆ ಮೇಜಿನ ಸುತ್ತ ಅಷ್ಟು ಜಾಗವನ್ನೂ ತಾವು ಉಳಿಸಿಲ್ಲವಾದ್ದರಿಂದ ನಿಂತಲ್ಲಿಂದಲೇ ನನ್ನ ನಮಸ್ಕಾರಗಳನ್ನು ಸ್ವೀಕರಿಸಬೇಕು. ತಾವಿಬ್ಬರೂ ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಮ್ಮ ಯಜಮಾನರು ದಿನಕ್ಕೆ ಎರಡು ಸಲ ಮೆತ್ತನೆಯ ಬಟ್ಟೆಯಿಂದ ತಮ್ಮಿಬ್ಬರ ಮೈ ಒರೆಸುವುದನ್ನು ಕಣ್ಣಾರೆ ನೋಡುತ್ತಿದ್ದೇನೆ, ಮತ್ತು ಆ ಬಟ್ಟೆ ನನ್ನ ಗಿರಾಕಿಯೊಬ್ಬರ ಕೋಟಿನ ಲೈನಿಂಗ್ ಆಗಬೇಕಿತ್ತು ಎಂಬ ಕ್ಷುಲ್ಲಕ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ.

ಮನೆಯ ವಿಷಯವನ್ನು ಬೀದಿಗೆ ತರುವುದೇಕೆ ಎಂದು ತಾವು ಕೇಳಬಹುದು. ಮನೆಯಲ್ಲಿ ನಾನಾಡಿದ ಮಾತು ನಮ್ಮವರ ಕಿವಿಗೆ ಬೀಳುವುದು ನಿಂತು ಏಳು ತಿಂಗಳಾಯಿತು, ಆದರೆ ಕಾರು ಪ್ರಿಯರ ಸಂಘದ ಈ ವಾರಪತ್ರಿಕೆಯನ್ನು ಅವರು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ಸಂಘದ ಸದಸ್ಯರಿಗೆ ತಮ್ಮ ಪರಿಚಯ ಬೇಕಿಲ್ಲ. ಅವರ ಮನೆಯವರಿಗೆ ಬೇಕಾದೀತೆಂದು ಹೇಳುತ್ತೇನೆ: ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಬರುವ ಹೊಗೆಯನ್ನು ನಾಲ್ಕು ಕೊಳವೆಗಳಲ್ಲಿ ಹಿಡಿದು ಹೊರಗೆ ಕಳುಹಿಸುವುದು ತಮ್ಮ ಕಸುಬು. ತಮ್ಮಲ್ಲೊಬ್ಬರು ನಾಲ್ಕು ಕೊಳವೆಗಳನ್ನು ಒಮ್ಮೆಗೇ ಒಂದಾಗಿಸುತ್ತೀರಿ. ಇನ್ನೊಬ್ಬರು ಮೊದಲು ಎರಡಾಗಿಸಿ, ಸ್ವಲ್ಪ ಯೋಚಿಸಿ, ಆಮೇಲೆ ಒಂದಾಗಿಸುತ್ತೀರಿ. ಈ ಒಂದು ಯೋಚನೆಯ ವ್ಯತ್ಯಾಸಕ್ಕಾಗಿ ನಮ್ಮ ಸಂಸಾರ ಏಳು ತಿಂಗಳಿಂದ ಮೀನ ಮೇಷ ಎಣಿಸುತ್ತಿದೆ.

ಕಾರಿನ ಜೊತೆ ಹುಟ್ಟಿಬಂದಿದ್ದ ಹೆಡರು ಎರಕದ ಕಬ್ಬಿಣದ ಮುದ್ದೆ, ಅದು ಎಂಜಿನ್ನಿನ ಕತ್ತು ಹಿಸುಕುತ್ತಿದೆ ಎಂದು ನಮ್ಮವರು ಅದನ್ನು ಬಿಚ್ಚಿ ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿ ಇಟ್ಟರು. ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ಹೊದಿಕೆ ಹೊದ್ದು ಮಲಗಿತು. ತಮ್ಮಲ್ಲಿ ಯಾರನ್ನು ಆರಿಸುವುದೆಂದು ತಿಳಿಯದೆ ಇಬ್ಬರನ್ನೂ ತರಿಸಿ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದರು. ನಾನು ಬಟ್ಟೆ ಕತ್ತರಿಸುವ ಮೇಜು ಅದು. ಎರಡು ದಿನದ ಮಾತು ಎಂದಿದ್ದರು.

ತಮ್ಮ ಗುಣಗಳನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ದೋಷ ಬಂದೀತು. ನಾಲ್ಕೊಂದು ಅವರು ಎಂಜಿನ್ ಕಿರುಚುವಷ್ಟು ವೇಗ ಹಿಡಿದ ಮೇಲೆ ಅಶ್ವಶಕ್ತಿಯ ಕುದುರೆಗಳನ್ನು ಕರುಣಿಸುತ್ತಾರಂತೆ, ನಾಲ್ಕೆರಡೊಂದು ಅವರು ಅದಕ್ಕೂ ಮುಂಚೆ, ಸಂತೆಗೆ ಹೋಗುವ ವೇಗದಲ್ಲೇ ಕರುಣಿಸುತ್ತಾರಂತೆ. ಇದನ್ನು ನಾನು ಊಟಕ್ಕೆ ಕೂತಾಗ ಕೇಳಿದ್ದೇನೆ, ನೆಗಡಿಯಾಗಿ ಮಲಗಿದ್ದಾಗ ಕೇಳಿದ್ದೇನೆ, ನಮ್ಮ ಮದುವೆಯ ದಿನ ನೆನಪಿದೆಯೇ ಎಂದು ನಾನು ಕೇಳಿದಾಗ ಉತ್ತರವಾಗಿಯೂ ಕೇಳಿದ್ದೇನೆ. ತಮ್ಮಿಬ್ಬರ ಸದ್ದನ್ನು ಯಾರೋ ಎಲ್ಲೋ ಮುದ್ರಿಸಿದ್ದನ್ನು ಒಂದಾದ ಮೇಲೊಂದರಂತೆ ಕೇಳಿಸಿ, ಯಾವುದು ಇಂಪು ಎಂದು ಪರೀಕ್ಷೆ ಇಟ್ಟರು. ನನಗೆ ಎರಡೂ ಪಕ್ಕದ ಮನೆಯ ನೀರಿನ ಪಂಪಿನಂತೆ ಕೇಳಿಸಿದವು. ಹಾಗೆಂದು ಹೇಳಿದ ತಪ್ಪಿಗೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇಷ್ಟಕ್ಕೂ ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಮ್ಮಲ್ಲೊಬ್ಬರು ದಯವಿಟ್ಟು ಬೇಗನೆ ತುಕ್ಕು ಹಿಡಿಯಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಅದು ಅಸಾಧ್ಯವೆಂದಾದರೆ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಎಲ್ಲಿಗಾದರೂ ಓಡಿಹೋಗಬೇಕು. ನಾನು ದಾರಿಗೆ ಬುತ್ತಿ ಕಟ್ಟಿಕೊಡುತ್ತೇನೆ. ಅದೂ ಆಗದಿದ್ದರೆ ವಾರಕ್ಕೊಂದು ಸಂಜೆಯಾದರೂ ತಾವೇ ನಮ್ಮವರನ್ನು ಎದುರು ಕೂರಿಸಿಕೊಂಡು ನನ್ನ ವಿಷಯ ಪ್ರಸ್ತಾಪಿಸಬೇಕು, ಏಕೆಂದರೆ ತಮ್ಮ ಮಾತನ್ನು ಅವರು ತೆಗೆದುಹಾಕುವುದಿಲ್ಲ.

ಈಗ ನಿಜವಾದ ದೂರು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಪಟ್ಟಿ ಬಿಚ್ಚಿದ ಮೇಲೆ ತನಗೆ ಬೇರೇನೂ ಬೇಡ, ನಿಮ್ಮ ಆ ಪುಟ್ಟ ಕಾರಿನಲ್ಲಿ ಒಮ್ಮೆ ಬೆಟ್ಟದ ರಸ್ತೆ ಹತ್ತಿಸಿ, ಮೂರು ವರ್ಷದಿಂದ ಮಂಜು ಮಂಜಾಗಿದ್ದದ್ದನ್ನು ನೋಡಬೇಕು ಎಂದು ಕೇಳಿದ್ದಳು. ಈ ಭಾನುವಾರ ಎಂದು ಮಾತು ಕೊಟ್ಟಿದ್ದೆವು. ಅವಳ ಆಪರೇಷನ್ನಿಗೆ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಬಂದೆ. ಬಂದವಳನ್ನು ನಮ್ಮವರು ಬಾಗಿಲಲ್ಲೇ ತಡೆದು, ತಮ್ಮಲ್ಲೊಬ್ಬರ ಕೊಳವೆಯ ಗೋಡೆ ಇನ್ನೊಬ್ಬರದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪವಿರುವುದು ಪತ್ತೆಯಾಯಿತೆಂದು ಹೇಳಿದರು. ನನಗೆ ಅವತ್ತು ಅಳು ಬಂತು. ಸಿಟ್ಟಿನಿಂದಲ್ಲ, ಬರೀ ಬೇಸರದಿಂದ.

ಅತ್ತು ಮುಗಿದ ಮೇಲೆ ಕೆಲಸಕ್ಕೆ ಕೂತೆ. ತಮ್ಮ ಎಣ್ಣೆ ಜಿಡ್ಡು ಗಿರಾಕಿಗಳ ಬಟ್ಟೆಗೆ ಹತ್ತಬಾರದೆಂದು ಇಬ್ಬರ ಅಳತೆಯನ್ನೂ ತೆಗೆದು ದಪ್ಪ ಬಟ್ಟೆಯ ಕವಚ ಹೊಲಿದೆ. ಹೊಲಿದದ್ದನ್ನು ಒಮ್ಮೆ ತೊಡಿಸಿ ನೋಡದೆ ಕೊಟ್ಟು ಅಭ್ಯಾಸವಿಲ್ಲದ ನನ್ನ ಕೈ ಸುಮ್ಮನಿರಲಿಲ್ಲ. ಕವಚಗಳೊಳಗೆ ಚಿಂದಿ ತುಂಬಿ, ಬಟ್ಟೆಯ ಹೆಡರುಗಳನ್ನು ಮಾಡಿ, ನಮ್ಮವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಶೆಡ್ಡಿಗೆ ಒಯ್ದು ಎಂಜಿನ್ನಿಗೆ ಹಿಡಿದು ನೋಡಿದೆ. ನಾಲ್ಕೊಂದು ಅವರು ಸ್ಟಿಯರಿಂಗಿನ ದಂಡಕ್ಕೆ ಎದೆ ಕೊಟ್ಟು ನಿಂತರು. ನಾಲ್ಕೆರಡೊಂದು ಅವರು ಅದೇ ದಂಡಕ್ಕೆ ಸೊಂಟ ಕೊಟ್ಟು ನಿಂತರು. ಒಬ್ಬರೂ ಒಳಗೆ ಕೂರಲಿಲ್ಲ. ನಮ್ಮ ಕಾರಿನ ಸ್ಟಿಯರಿಂಗ್ ಒಂದು ಪಕ್ಕ, ತಾವಿಬ್ಬರೂ ಹುಟ್ಟಿದ್ದು ಸ್ಟಿಯರಿಂಗ್ ಇನ್ನೊಂದು ಪಕ್ಕ ಇರುವ ಕಾರುಗಳಿಗೆ. ಆದ್ದರಿಂದ ತಮ್ಮಲ್ಲಿ ಯಾರು ಶ್ರೇಷ್ಠರೆಂಬ ಪ್ರಶ್ನೆಗೆ ಏಳು ತಿಂಗಳ ಮೇಲೆ ಉತ್ತರ ಸಿಕ್ಕಿದೆ: ಇಬ್ಬರೂ ಸಮಾನರು.

ಇದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ. ನಮ್ಮ ಯಜಮಾನರ ಕಸುಬು ಕಟ್ಟುಹಲ್ಲು ಮಾಡುವುದು. ಬಾಯಿಯ ಅಚ್ಚು ತೆಗೆಯದೆ ಒಂದೇ ಒಂದು ಹಲ್ಲನ್ನೂ ಕೂರಿಸಿದವರಲ್ಲ, ಅಚ್ಚು ಸರಿಯಿಲ್ಲವೆಂದು ಡಾಕ್ಟರನ್ನೇ ವಾಪಸ್ ಕಳುಹಿಸಿದ ಖ್ಯಾತಿ ಅವರಿಗಿದೆ. ಅಂಥವರು ತಮ್ಮಿಬ್ಬರ ಒಳಸುತ್ತು, ಹೊರಸುತ್ತು, ತೂಕ, ಬೆಸುಗೆ ಎಲ್ಲವನ್ನೂ ಹಲ್ಲಳೆಯುವ ಕೈವಾರದಲ್ಲಿ ಅಳೆದರು, ಕಾರಿನ ಬಾಯಿಯನ್ನೊಂದು ಬಿಟ್ಟು. ತಿಳಿಸೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ‘ಒಂದ್ನಿಮಿಷ ಕಣೆ, ಈ ಸೌಂಡ್ ಕೇಳು’ ಎಂದರು. ಹೀಗಾಗಿ ಪತ್ರಿಕೆಯಲ್ಲಿ ತಿಳಿಸುತ್ತಿದ್ದೇನೆ.

ನಾನು ಗ್ಯಾರೇಜಿನ ಮೆಕ್ಯಾನಿಕ್ಕನ್ನು ಕರೆಸಿದ್ದೇನೆ. ಶೆಡ್ಡಿನ ಬಾಗಿಲಿಗೆ ಒತ್ತಾಗಿದ್ದ ಕಬ್ಬಿಣದ ಮುದ್ದೆಯನ್ನು ಎತ್ತಿ ನೋಡಿ, ‘ಅಮ್ಮಾ, ಇದಕ್ಕೇನಾಗಿದೆ? ಕಲ್ಲಿನ ಹಾಗಿದೆಯಲ್ಲ!’ ಎಂದ. ಬೋಲ್ಟುಗಳು ನನ್ನ ಗುಂಡಿ ಡಬ್ಬಿಯಲ್ಲಿದ್ದವು. ಮಿಕ್ಕದ್ದು ತಮಗೆ ಸಂಬಂಧಿಸಿದ್ದಲ್ಲ. ತಾವು ಮೇಜಿನ ಮೇಲೆ ಸುಖವಾಗಿರಿ, ಬರೀ ಅಂಚಿನ ಕಡೆಗೆ ಒಂದಿಷ್ಟು ಸರಿದು ಕೋಟೊಂದು ಕತ್ತರಿಸುವಷ್ಟು ಎಡೆ ಕೊಡಿ.

ಮೇಜು ಮರಳಿ ಕೈಸೇರುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಮೇಜಿನ ಒಡತಿ

ತಾಜಾಕಲಂ: ಇದನ್ನು ಅಕ್ಕನ ಮನೆಯಲ್ಲಿ ಕೂತು ಸೇರಿಸುತ್ತಿದ್ದೇನೆ. ನಾನೇ ಓಡಿಸಿಕೊಂಡು ಬಂದ ಕಾರು ಶೆಡ್ಡು ಬಿಟ್ಟು ಇಂದಿಗೆ ಐದು ದಿನ. ಅಕ್ಕ ಬೆಟ್ಟದ ಮೇಲೆ ಒಂದೊಂದು ಮರವನ್ನೂ ಬೆರಳಿಟ್ಟು ತೋರಿಸಿದಳು. ನಾನು ಬಸ್ಸಿನಲ್ಲಿ ಬಂದಿದ್ದೇನೆಂದೇ ನಂಬಿದ್ದ ನಮ್ಮವರು ಇವತ್ತು ಫೋನ್ ಮಾಡಿ, ‘ನಿನ್ನ ಅಳತೆ ಟೇಪ್ ಎಲ್ಲಿಟ್ಟಿದ್ದೀಯೇ?’ ಎಂದು ಕೇಳಿದರು. ಕಾರಿನಲ್ಲಿದೆ ಎಂದೆ. ‘ಸರಿ, ತಗೋತೀನಿ’ ಎಂದು ಫೋನ್ ಹಿಡಿದೇ ಹೊರಟರು. ಶೆಡ್ಡಿನ ಬಾಗಿಲು ಕಿರ್ರೆಂದಿತು. ಆಮೇಲೆ ಖಾಲಿ ಸ್ಟ್ಯಾಂಡೊಂದು ಕಾಲಿಗೆ ತಾಗಿ ಉರುಳಿದ ಸದ್ದು. ಕೊನೆಗೆ, ‘ಹಳೇದರಲ್ಲಿ ಸೌಂಡ್ ಹೇಗಿದೆ?’ ಎಂದರು. ಗೊತ್ತಾಗಲಿಲ್ಲ ಕಣ್ರೀ, ದಾರಿಯುದ್ದಕ್ಕೂ ಅಕ್ಕ ನಾನು ಮಾತಾಡ್ತಿದ್ವಿ, ಎಂದೆ.