ಕುಲುಕದ ಗಾಡಿ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಬಂದ ಫೋನಿಗೆ ದಡಬಡಣ್ಣ ಬಾಯಿತುಂಬ ನೊರೆ ಇಟ್ಟುಕೊಂಡೇ "ಆಗ್ಲಿ ಸಾರ್, ಆಗ್ಲಿ ಸಾರ್" ಎಂದದ್ದೇ ತಪ್ಪಾಯಿತು. ಬಾಯಿ ಮುಕ್ಕಳಿಸಿ ನಾಲ್ಕು ಮಾತು ಕೇಳಿಕೊಂಡಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಫೋನು ಮಾಡಿದವರು ಊರಾಚೆಯ ಫ್ಯಾಕ್ಟರಿಯ ಮ್ಯಾನೇಜರು. "ನಿಮ್ಮ ಪಿಕಪ್ ವಿಷಯ ಕೇಳಿದ್ದೀನಿ. ಗಾಜು, ಪಿಂಗಾಣಿ ಹೊರಬೇಕು. ಸಂಜೆ ನಾಲ್ಕಕ್ಕೆ ನಾನೇ ಬಂದು ಕೂತು ನೋಡ್ತೀನಿ. ಸರಿ ಅನ್ನಿಸಿದ್ರೆ ವರ್ಷಪೂರ್ತಿ ಕೆಲಸ" ಎಂದು ಇಟ್ಟೇಬಿಟ್ಟರು.

ದಡಬಡ ಎನ್ನುವುದು ಅಸಲಿಗೆ ಗಾಡಿಯ ಹೆಸರು, ಯಜಮಾನನಿಗೆ ಆಮೇಲೆ ಅಂಟಿಕೊಂಡದ್ದು. ಟನ್‌ಗಟ್ಟಲೆ ಕಬ್ಬಿಣ ಹೊರಲೆಂದೇ ಹುಟ್ಟಿದ ಆ ಭಾರಿ ಪಿಕಪ್ಪು ಖಾಲಿ ಓಡುವಾಗ ಕಾದ ಬಾಣಲೆಯಲ್ಲಿನ ಕಾಳಿನಂತೆ ಸಿಡಿಯುತ್ತಿತ್ತು. ಒಮ್ಮೆ ಕೂತವರು ಇನ್ನೊಮ್ಮೆ ಕೂರುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯೇ ತವರಿಗೆ ನಡೆದು ಹೋಗುತ್ತಿದ್ದಳು.

ಕಬ್ಬಿಣದ ಅಂಗಡಿಯವರು ಸ್ವಂತ ಲಾರಿ ಕೊಂಡ ಮೇಲೆ ಪಿಕಪ್ಪು ಮನೆಮುಂದೆ ಬಿದ್ದುಕೊಂಡಿತ್ತು. ಇನ್ನೂ ಕೆಲಸ ಸಿಗದಿದ್ದರೆ ಅದನ್ನು ಮಾರಿ, ಹೆಂಡತಿಯ ಅಕ್ಕನ ಗಂಡನ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಲು ನಿಲ್ಲಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಷಡ್ಡಕನೋ, ಆಳುಗಳನ್ನು ಚಪ್ಪಾಳೆ ತಟ್ಟಿ ಕರೆಯುವ ಆಸಾಮಿ. ಆ ಚಪ್ಪಾಳೆ ನೆನೆದರೇ ದಡಬಡಣ್ಣನಿಗೆ ಮೈ ಉರಿಯುತ್ತಿತ್ತು.

"ರೀ, ಗಾಜು ಅಂತಿದ್ದಾರೆ. ನಿಮ್ಮ ಗಾಡೀಲಿ ಅವ್ರನ್ನ ಕೂರಿಸಿದ್ರೆ ಮುಗೀತು ಕತೆ" ಎಂದಳು ಹೆಂಡತಿ.

ಅವಳ ಗಂಟಲು ದೊಡ್ಡದು, ಪಕ್ಕದ ಮನೆಯ ಗೋಡೆ ತೆಳ್ಳಗಿನದು. ಅರೆಗಳಿಗೆಯಲ್ಲಿ ಆ ಮನೆಯ ನಿವೃತ್ತ ಬಸ್ ಡ್ರೈವರ್, ಬೀದಿಗೆಲ್ಲ ಮಾವನಾದವನು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಾಜರಾದ. ಟೈರಿಗೊಂದು ಒದೆ ಕೊಟ್ಟ.

"ಖಾಲಿ ಗಾಡಿಗೆ ಇಷ್ಟು ಗಾಳಿ ಯಾಕೋ? ಅದಕ್ಕೇ ಕುಣಿಯೋದು. ಸರಿ ಆಚೆ."

ಹೀಗೆಂದವನು ತಾನೇ ಕೂತು ಗಾಳಿ ಬಿಟ್ಟ. ಬಿಡುತ್ತ ಬಿಡುತ್ತ ತಾನು ಬಸ್ ಓಡಿಸುತ್ತಿದ್ದ ಕಾಲದ ಕತೆ ತೆಗೆದ. ಕತೆ ಮುಗಿಯುವಷ್ಟರಲ್ಲಿ ಟೈರು ನೆಲಕ್ಕೆ ಅಂಟಿತ್ತು. ದಡಬಡಣ್ಣ ಕಾಲಿನ ಪಂಪಿನಿಂದ ಅದಕ್ಕೆ ಮತ್ತೆ ಜೀವ ತುಂಬಿಸುವಾಗ ಅವನ ಜೀವವೇ ಬಾಯಿಗೆ ಬಂತು.

ಅಷ್ಟರಲ್ಲಿ ಬೀದಿ ತುದಿಯ ಮೆಕ್ಯಾನಿಕ್ ಗಾಡಿಯಡಿ ತೂರಿ ಮಲಗಿದ್ದ. "ಅಣ್ಣಾ, ಇದು ಆನೆ ಹೊರೋ ಸ್ಪ್ರಿಂಗು. ಇಲಿ ಕೂತ್ರೆ ಬಗ್ಗುತ್ತಾ? ಎರಡು ಪಟ್ಟಿ ಬಿಚ್ತೀನಿ. ಶಾಕ್ ಅಬ್ಸಾರ್ಬರೂ ಸತ್ತು ಎಷ್ಟೋ ಕಾಲ ಆಗಿದೆ, ಬೇರೆ ಹಾಕ್ತೀನಿ."

ಎದುರುಮನೆಯ ಟೈಲರಕ್ಕ ಸುಮ್ಮನಿರುತ್ತಾಳೆಯೇ? ಸೀಟಿಗೆ ಸ್ಪಂಜಿನ ದಿಂಬು ಹೊಲಿದು ತಂದಳು. ಅದರ ಮೇಲೆ ಕೂತ ದಡಬಡಣ್ಣನ ತಲೆ ಗಾಡಿಯ ಸೂರಿಗೆ ಢಣ್ಣೆಂದು ಬಡಿಯಿತು. "ನಿನ್ನ ತಲೆಯೇ ಉದ್ದ ಕಣಣ್ಣ" ಎಂದು ಗೊಣಗುತ್ತ ಅವಳು ಅರ್ಧ ಸ್ಪಂಜು ಕಿತ್ತಳು.

"ಹಿಂದೆ ಒಂದಿಷ್ಟು ಭಾರ ಬೇಕು" ಎಂದ ಮಾವ. ಅವನ ಬಾಯಿಂದ ಮಾತು ಬಿದ್ದದ್ದೇ ತಡ, ಬೀದಿಗೆ ಬೀದಿಯೇ ತನ್ನ ಮನೆಯ ಹಾಳುಮೂಳು ನೆನಪು ಮಾಡಿಕೊಂಡಿತು. ಕೆಟ್ಟ ಫ್ರಿಜ್ಜು ಬಂತು, ಕಾಲು ಮುರಿದ ಬೀರು ಬಂತು, ತೂತು ಬಿದ್ದ ನೀರಿನ ಡ್ರಮ್ಮು ಬಂತು. "ಹೇಗೂ ಆ ಕಡೆ ಹೋಗ್ತೀಯಲ್ಲ, ಆಮೇಲೆ ಗುಜರಿಗೆ ಹಾಕ್ಬಿಡು" ಎಂದರು ಎಲ್ಲರೂ. ಅವು ಸದ್ದು ಮಾಡದಂತೆ ನಡುವೆ ಹಳೇ ಹಾಸಿಗೆ ತುರುಕಿ ಹಗ್ಗ ಬಿಗಿದದ್ದು ಮಾತ್ರ ದಡಬಡಣ್ಣ ಒಬ್ಬನೇ.

ಪರೀಕ್ಷೆಗೆಂದು ಮಾವ ನೀರು ತುಂಬಿದ ಚೊಂಬು ಹಿಡಿದು ಪಕ್ಕದಲ್ಲಿ ಕೂತ. ಮೊದಲ ಸುತ್ತಿನಲ್ಲಿ ನೀರೆಲ್ಲ ಅವನ ಮಡಿಲಿಗೆ. ಮೆಕ್ಯಾನಿಕ್ ಇನ್ನೊಂದು ಪಟ್ಟಿ ಬಿಚ್ಚಿದ. ಆಮೇಲಿನ ಸುತ್ತಿನಲ್ಲಿ ಒಂದು ಹನಿಯೂ ತುಳುಕಲಿಲ್ಲ.

"ವಿಮಾನ ಕಣೋ, ವಿಮಾನ!" ಎಂದು ಮಾವ ಕೂಗಿದ. ಅವನು ವಿಮಾನ ಹತ್ತಿದವನಲ್ಲ.

ನಾಲ್ಕಕ್ಕೆ ಮ್ಯಾನೇಜರು ಆಟೋದಿಂದ ಇಳಿದರು. ಸಣಕಲು ಮನುಷ್ಯ. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಅಗಲ ಪಟ್ಟಿ. ಆಟೋದಲ್ಲಿ ಹೆಲ್ಮೆಟ್ಟೇಕೋ ಎಂದು ದಡಬಡಣ್ಣ ಯೋಚಿಸಿದನಾದರೂ ಕೇಳುವ ಧೈರ್ಯ ಬರಲಿಲ್ಲ.

ಗಾಡಿ ಹೊರಟಿತು. ಎರಡೂ ಕೈಯಲ್ಲಿ ಹಿಡಿಕೆ ಬಿಗಿಹಿಡಿದು, ಹಲ್ಲು ಕಚ್ಚಿ ಕೂತಿದ್ದ ಮ್ಯಾನೇಜರು ಸ್ವಲ್ಪ ಹೊತ್ತಿಗೆ ಒಂದು ಕೈ ಬಿಟ್ಟರು. ಇನ್ನೊಂದು ಕೈಯನ್ನೂ ಬಿಟ್ಟರು. ಅವರ ಮುಖ ಬಾಡುತ್ತ ಬಂತು. ಇನ್ನೂ ಕುಲುಕುತ್ತಿದೆಯೇನೋ ಎಂದು ದಡಬಡಣ್ಣ ಬೆವರುತ್ತ ಮತ್ತಷ್ಟು ಮೆಲ್ಲಗೆ ಓಡಿಸಿದ.

"ಇದು ಅದೇ ಗಾಡೀನಾ?"

"ಅದೇ ಸಾರ್. ನಿಮಗೋಸ್ಕರ ಬೆಳಿಗ್ಗೆಯಿಂದ ಇಡೀ ಬೀದಿ ಸೇರಿ ಮೆತ್ತಗೆ ಮಾಡಿದ್ದೀವಿ ಸಾರ್."

"ಅಯ್ಯೋ ಪುಣ್ಯಾತ್ಮ!" ಮ್ಯಾನೇಜರು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಮ್ಮದು ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿ ಕಣ್ರೀ. ಪೆಟ್ಟಿಗೆಯೊಳಗೆ ಗಾಜು ಇಟ್ಟು, ಎಂಥಾ ಕುಲುಕಾಟಕ್ಕೂ ಒಡೆಯಲ್ಲ ಅಂತ ಓಡಿಸಿ ಪರೀಕ್ಷೆ ಮಾಡ್ಬೇಕು. ಊರಲ್ಲೇ ಎಲ್ಲಕ್ಕಿಂತ ಕೆಟ್ಟದಾಗಿ ಕುಲುಕೋ ಗಾಡಿ ಯಾವುದು ಅಂತ ವಿಚಾರಿಸಿದ್ರೆ, ಎಲ್ರೂ ನಿಮ್ಮ ಹೆಸರೇ ಹೇಳಿದ್ರು."

"ಪಟ್ಟಿ ವಾಪಸ್ ಹಾಕಿಸ್ತೀನಿ ಸಾರ್! ನಾಳೆ ಬನ್ನಿ!"

"ನಾಳೆ ಎಲ್ಲಿಂದ ಬರಲಿ? ಇವತ್ತೇ ಗಾಡಿ ಗೊತ್ತು ಮಾಡ್ಬೇಕು ಅಂತ ಮಾಲೀಕರು ಕೂತಿದ್ದಾರೆ."

"ಈಗ್ಲೂ ಕುಲುಕುತ್ತೆ ಸಾರ್! ನಿಮ್ಮ ದಮ್ಮಯ್ಯ, ಒಂದೇ ಒಂದು ಅವಕಾಶ ಕೊಡಿ!"

ಉತ್ತರಕ್ಕೂ ಕಾಯದೆ ಅವನು ಗಾಡಿಯನ್ನು ಕಲ್ಲುಕೋರೆಯ ದಾರಿಗೆ ತಿರುಗಿಸಿದ. ಎಲ್ಲರೂ ತಪ್ಪಿಸಿಕೊಂಡು ಹೋಗುವ ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದ. ಒಂದು ದೊಡ್ಡ ಗುಂಡಿ ತಪ್ಪಿತೆಂದು ಹಿಂದೆ ಬಂದು ಇಳಿಸಿದ. ಗಾಡಿ ಮೆಲ್ಲಗೆ ತಗ್ಗುತ್ತಿತ್ತು, ಮೆಲ್ಲಗೆ ಏಳುತ್ತಿತ್ತು. "ಒಂದ್ಸಲ ಕುಣಿಯೇ ನನ್ನ ತಾಯಿ" ಎಂದು ಸ್ಟೇರಿಂಗಿಗೆ ಕೈಮುಗಿದ. ಆ ಗಾಡಿಗೆ ಬೈದ ಬೈಗುಳವನ್ನೆಲ್ಲ ವಾಪಸ್ ತೆಗೆದುಕೊಳ್ಳಲು ಅವನು ತಯಾರಿದ್ದ.

"ಈಗ ಕುಲುಕ್ತಲ್ವಾ ಸಾರ್? ಈಗ?"

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಹಿಂದೆ ಬೀದಿಯವರ ಗದ್ದಲ ಕೇಳಿಸುತ್ತಿತ್ತು.

"ರೀ, ಎಲ್ರೂ ಕಾಯ್ತಾ ನಿಂತಿದ್ದಾರೆ. ಸಾಹೇಬ್ರಿಗೆ ಗಾಡಿ ಹಿಡಿಸ್ತಾ?"

ದಡಬಡಣ್ಣ ಪಕ್ಕಕ್ಕೆ ತಿರುಗಿ ನೋಡಿದ. ಆಮೇಲೆ ಪಿಸುದನಿಯಲ್ಲಿ ಹೇಳಿದ:

"ಬಹಳ ಹಿಡಿಸಿದೆ ಕಣೇ. ಮೆಲ್ಲಗೆ ಮಾತಾಡು, ಮಲಗಿದ್ದಾರೆ. ನಿಮ್ಮ ಭಾವ ಬೆಳಿಗ್ಗೆ ಎಷ್ಟೊತ್ತಿಗೆ ಅಂಗಡಿ ತೆಗೀತಾರೆ ಅಂತ ಕೇಳಿಡು."