ಕರಿ ಬೆಲ್ಲದ ಪರ ವಕಾಲತ್ತು

ನನಗೊಂದು ಕಾಯಿಲೆಯಿದೆ. ಅಂಗಡಿಗೆ ಹೋದರೆ ಸಾಮಾನಿನ ಗುಣಕ್ಕಿಂತ ಮೊದಲು ಅಂಗಡಿಯವನ ಗುಣ ನೋಡುತ್ತೇನೆ. ಮಂಡ್ಯದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನಿಗೆ ಇದು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. 'ನಾವು ಕೊಡುವ ಒಂದೊಂದು ನೋಟೂ ಒಂದೊಂದು ಓಟು' ಎಂದು ಹುಡುಗರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಅದನ್ನು ನಂಬಿದವನು ಮಾತ್ರ ನಾನೊಬ್ಬನೇ. ಮಳವಳ್ಳಿಯ ಒಬ್ಬ ದರ್ಜಿ ತನ್ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಸಂಬಳ ಹಿಡಿಯದೆ ವಾರದ ರಜೆ ಕೊಡುತ್ತಾನೆಂದು ಕೇಳಿ, ಬಸ್ಸು ಹತ್ತಿ ಹೋಗಿ ಪ್ಯಾಂಟು ಹೊಲಿಸಿಕೊಂಡು ಬಂದೆ. ಅದರ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. 'ಹೆಣ್ಣುಮಕ್ಕಳಿಗೆ ರಜೆ ಕೊಟ್ಟ ದಿನ ಆತನೇ ಹೊಲಿದಿರಬೇಕು' ಎಂದಳು ನನ್ನ ಹೆಂಡತಿ ಸರೋಜ. ಆ ಪ್ಯಾಂಟನ್ನು ಈಗಲೂ ಹಾಕುತ್ತೇನೆ. ಹಾಕಿದ ದಿನ ಆದಷ್ಟು ಕೂತೇ ಪಾಠ ಮಾಡುತ್ತೇನೆ.

ಈಗಿನ ಸಂಕಟ ಬೆಲ್ಲದ್ದು. ಮಂಡ್ಯದವರಿಗೆ ಬೆಲ್ಲದ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕೊಳ್ಳುವಾಗ ನಮಗೆ ಚಿನ್ನದ ಬಣ್ಣದ್ದೇ ಬೇಕು. ಆ ಬಣ್ಣ ಬರಲೆಂದು ಕೆಲವರು ಕುದಿಯುವ ಕಬ್ಬಿನ ಹಾಲಿಗೆ ಎಂಥದೋ ಬಿಳಿ ಪುಡಿ ಉದುರಿಸುತ್ತಾರೆ. ಕೊತ್ತತ್ತಿಯ ಬೋರೇಗೌಡರ ಆಲೆಮನೆಯಲ್ಲಿ ಇದನ್ನು ಕಣ್ಣಾರೆ ಕಂಡ ದಿನ ನನ್ನ ಕಾಯಿಲೆ ಕೆರಳಿತು. 'ಪುಡಿ ಬಿಟ್ಟುಬಿಡಿ ಗೌಡ್ರೇ, ಕೊಳ್ಳೋರನ್ನ ಹುಡುಕೋ ಜವಾಬ್ದಾರಿ ನನ್ನದು' ಎಂದೆ.

ಗೌಡರು ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಹೇಳಿದರು: 'ಪುಡಿ ಆಕೋಕೆ ನಂಗೇನ್ ಆಸೆನಾ ಮೇಷ್ಟ್ರೇ? ಕರ್ರಗಿದ್ರೆ ನಿಮ್ ಪ್ಯಾಟೆಯೋರು ಮೂಸಿನೂ ನೋಡಾಕಿಲ್ಲ. ಆಗ್ಲಿ, ನಿಮ್ ಮಾತ್ ನಂಬಿ ಈ ವಾರ ಪುಡಿ ಇಲ್ದೆ ಇಳುಸ್ತೀನಿ. ಓಗ್ನಿಲ್ಲ ಅಂದ್ರೆ ಮತ್ತೆ ಪುಡೀನೇಯ. ಆಮೇಕೆ ನಂಗೆ ಬುದ್ಧಿ ಯೋಳಕ್ಕೆ ಬರ್ಬ್ಯಾಡಿ.'

ಬೆಲ್ಲ ಇಳಿಯಿತು. ಕಾಫಿ ಪುಡಿಯ ಬಣ್ಣ. ಒಂದು ಚೀಲ ಹೊತ್ತು ತಂದು ಅಧ್ಯಾಪಕರ ಕೊಠಡಿಯಲ್ಲಿ ಬಿಚ್ಚಿದೆ. ಇತಿಹಾಸದ ನಾಗರಾಜು ಒಂದು ಅಚ್ಚನ್ನು ಬೆಳಕಿಗೆ ಹಿಡಿದು, 'ಇದು ನಮ್ಮ ಸಬ್ಜೆಕ್ಟಿಗೆ ಸೇರಿದ್ದು ಸಾರ್, ಯಾವ ರಾಜನ ಕಾಲದ್ದು?' ಎಂದರು. ಕನ್ನಡದ ಮೇಡಮ್ಮಿಗೆ ಬೇಕೇನೋ ಬೇಕಂತೆ, ಆದರೆ ಅವರ ಅತ್ತೆ ಒಪ್ಪುವುದಿಲ್ಲವಂತೆ. ತತ್ವವನ್ನು ಎಲ್ಲರೂ ಒಪ್ಪಿದರು, ಬೆಲ್ಲವನ್ನು ಯಾರೂ ಒಪ್ಪಲಿಲ್ಲ. ಗುತ್ತಲು ಬಡಾವಣೆಯ ನಮ್ಮ ಮನೆಗೆ ಚೀಲವನ್ನು ಹಾಗೇ ವಾಪಸು ಹೊತ್ತು ತಂದೆ. ನನ್ನದೇನು, ಬೆಲ್ಲ ಹೋಗದಿದ್ದರೂ ಮರುದಿನ ಹೋಗಿ ಪಾಠ ಮಾಡುತ್ತೇನೆ. ಗೌಡರು ಒಂದು ವಾರದ ಕಬ್ಬನ್ನೆಲ್ಲ ನನ್ನ ಮಾತಿನ ಮೇಲೆ ಅರೆದು ಕೂತಿದ್ದರು.

ಸರೋಜ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. 'ತೋರಿಸಿದ್ದೇ ತಪ್ಪು ಕಣ್ರೀ. ಬೆಲ್ಲಾನ ಯಾರಾದ್ರೂ ತೋರಿಸ್ತಾರಾ? ತಿನ್ನಿಸ್ಬೇಕು' ಎಂದಳು. ಮರುದಿನ ಕಾಯಿ ಒಬ್ಬಟ್ಟು ಮಾಡಿ ಡಬ್ಬಿ ತುಂಬಿಸಿ ಕಳಿಸಿದಳು. ಅಧ್ಯಾಪಕರ ಕೊಠಡಿಯಲ್ಲಿ ಯಾರ ಬಾಯಿಗೂ ಬಿಡುವಿರಲಿಲ್ಲ. ನಾಗರಾಜು ಬೆರಳಿನ ತುಪ್ಪ ನೆಕ್ಕಿಕೊಂಡು, 'ಸಾರ್, ಆ ಚೀಲ ಇನ್ನೂ ಇದೆಯಾ?' ಎಂದು ಮೆಲ್ಲಗೆ ಕೇಳಿದರು. ಕನ್ನಡದ ಮೇಡಮ್ಮಿನ ಅತ್ತೆಯ ಮನಸ್ಸು ಅದು ಹೇಗೋ ಕೂತಲ್ಲೇ ಬದಲಾಯಿತು. ನನ್ನ ನೋಟು-ಓಟಿನ ಪಾಠ ಇಷ್ಟು ವರ್ಷ ಮಾಡಲಾಗದ್ದನ್ನು ಒಬ್ಬಟ್ಟು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು. ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೊದಲ ಚೀಲ ಖಾಲಿಯಾಯಿತು. ಇನ್ನೊಂದು ತರಲು ಭಾನುವಾರ ಗೆದ್ದವನ ಗತ್ತಿನಲ್ಲಿ ಕೊತ್ತತ್ತಿಗೆ ಹೋದೆ. ಪುಡಿಯಿಲ್ಲದ ಬೆಲ್ಲ ಎಲ್ಲ ಒಂದೇ ಬಣ್ಣಕ್ಕೆ ಬರುವುದಿಲ್ಲ. ಒಂದು ಕೊಪ್ಪರಿಗೆಯದು ಕಂದು, ಇನ್ನೊಂದರದು ಕಡುಗಪ್ಪು, ಎಲ್ಲ ಒಟ್ಟಿಗೆ ರಾಶಿ ಬಿದ್ದಿತ್ತು. ಚೀಲಕ್ಕೆ ಅಚ್ಚು ಎತ್ತಿಹಾಕುತ್ತಾ, 'ಜನ ಬಣ್ಣಕ್ಕೆ ಮರುಳಾಗ್ತಾರೆ ಗೌಡ್ರೇ, ನಾವು ಅವರ ಕಣ್ಣು ತೆರೆಸಬೇಕು' ಎಂದು ಶುರು ಮಾಡಿದೆ. ಮಾತು ಸೊಗಸಾಗಿ ಓಡುತ್ತಿತ್ತು. ಚೀಲ ಅರ್ಧ ತುಂಬುವಷ್ಟರಲ್ಲಿ ಗೌಡರು ಬಗ್ಗಿ ಅದರೊಳಗೆ ನೋಡಿದರು.

'ಅಲ್ಲಾ ಮೇಷ್ಟ್ರೇ, ಕರೀದ್ನೆಲ್ಲಾ ಪಕ್ಕಕ್ ತಳ್ಳಿ ಬೆಳ್ಳಗಿರೋದ್ನೇ ಆಯ್ಕೊಂಡಿದ್ದೀರಲ್ಲಾ! ಇನ್ನ ಸಂತೆ ಜನವ ನಾನ್ ಏನಂತ ಬಯ್ಲಿ?'

ನಾನೂ ಬಗ್ಗಿ ನೋಡಿದೆ. ಒಂದೇ ಒಂದು ಕಪ್ಪು ಅಚ್ಚಿರಲಿಲ್ಲ. 'ಮತ್ತೆ ಪುಡಿ ಹಾಕ್ತೀರಾ ಗೌಡ್ರೇ?' ಎಂದೆ, ಸಣ್ಣ ದನಿಯಲ್ಲಿ.

ಗೌಡರು ಚೀಲವನ್ನು ರಾಶಿಯ ಮೇಲೆ ಬೋರಲು ಸುರಿದರು. ನಾನು ಪಕ್ಕಕ್ಕೆ ತಳ್ಳಿದ್ದ ಕಡುಗಪ್ಪು ಅಚ್ಚುಗಳನ್ನು ಬಾಚಿಕೊಂಡರು. 'ಆಕಾಕಿಲ್ಲ ಬುಡಿ. ನೀವ್ ಭಾಸ್ಣ ಮಾಡ್ತಾ ಇರಿ, ಬೆಲ್ಲ ನಾನ್ ತುಂಬ್ತೀನಿ' ಎಂದರು.

ನಾನು ಎರಡೂ ಕೈಯಲ್ಲಿ ಚೀಲದ ಬಾಯಿ ಹಿಡಿದು ನಿಂತೆ. ಆ ಕೈಗಳಿಗೆ ಬೇರೆ ಕೆಲಸ ಕೊಡುವ ಧೈರ್ಯ ನನಗಿರಲಿಲ್ಲ.