ಮುಳ್ಳು ಕೀಳುವ ಕೈ, ಉಣ್ಣಿ ಕೀಳುವ ಕೈ

ನಾಯಿ ಸಾಕಿದವರ ಮನೆಯಲ್ಲಿ ಗಾಂಭೀರ್ಯ ಬಹಳ ದಿನ ಬಾಳುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ನೆಟ್ಟಗೆ ಕೂಡ್ರುವುದನ್ನು, ಅಳೆದು ಮಾತಾಡುವುದನ್ನು, ಉಗುರು ಸ್ವಚ್ಛವಾಗಿಡುವುದನ್ನು ಕಲಿಸಿದ್ದರು. ಉಣ್ಣಿಗಳ ಪಾಠ ಮಾತ್ರ ಅಲ್ಲಿ ಆಗಿರಲಿಲ್ಲ. ಅದನ್ನು ನಾನು ತಿಕೋಟಾದಲ್ಲಿ ಕಲಿತೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಆ ಊರಿನ ಸಣ್ಣ ದವಾಖಾನೆಗೆ ನರ್ಸಾಗಿ ಹೋಗುವಂತೆ ನನಗೆ ಆದೇಶ ಬಂತು. ವಿಜಾಪುರದ ಮನೆಯಲ್ಲಿ ನನ್ನ ತಾಯಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಷರತ್ತು ಹಾಕಿದಳು.

"ಮದುವಿ ಆಗದ ಹುಡುಗಿ ಹೊಲದ ಹಾದಿಯೊಳಗ ಒಬ್ಬಾಕಿನ ಅಡ್ಡಾಡಬಾರದು. ಒಂದು ನಾಯಿ ಇಟಗೋ. ನಾಯಿ ಇರೋತನಕ ನೌಕರಿ. ನಾಯಿ ಇಲ್ಲಂದ್ರ ಅವತ್ತ ಗಂಟು ಕಟ್ಟಿ ಮನಿಗೆ ಬಾ."

ಹೀಗೆ ಮೋತಿ ಎಂಬ ಕಂದುಬಣ್ಣದ ಗಂಡುನಾಯಿ ನನ್ನ ಜೊತೆಗಾರನಾದ. ಬಾಣಂತಿಯರನ್ನು ನೋಡಲು ನಾನು ಹಳ್ಳಿಗಳಿಗೆ ನಡೆದು ಹೋಗುವಾಗ ಅವನು ಹತ್ತು ಹೆಜ್ಜೆ ಮುಂದಿರುತ್ತಿದ್ದ. ಹಾವು ಕಂಡರೆ ನಿಲ್ಲುತ್ತಿದ್ದ, ನನ್ನನ್ನೂ ನಿಲ್ಲಿಸುತ್ತಿದ್ದ. ಎರಡನೆಯ ಮಳೆಗಾಲದಲ್ಲಿ ಒಂದು ದಿನ ಅವನು ರೊಟ್ಟಿಯನ್ನು ಮೂಸಿ ನೋಡಿ ಹಾಗೆಯೇ ಮಲಗಿಬಿಟ್ಟ. ಮೈಮೇಲೆ ಕೈಯಾಡಿಸಿದೆ. ಕೂದಲಿನೊಳಗೆ ಎಲ್ಲೆಂದರಲ್ಲಿ ಉಣ್ಣಿಗಳು, ಔಡಲ ಬೀಜದಷ್ಟು ಉಬ್ಬಿದ್ದವು.

ಅದೇ ವಾರ ತಾಯಿಯ ಕಾಗದ ಬಂತು. ಅಮಾವಾಸ್ಯೆ ಕಳೆದ ಮೇಲೆ ತಿಕೋಟಾಕ್ಕೆ ಬರುವವಳಿದ್ದಳು. ನನ್ನನ್ನು ನೋಡಲು ಎಂದು ಬರೆದಿರಲಿಲ್ಲ. ನಾಯಿಯನ್ನು ನೋಡಲು ಎಂದು ಬರೆದಿದ್ದಳು.

ಟಾಪಿನ ಮೇಲೆ ಕುಳಿತವರು

ಮೋತಿಯನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ವಿಜಾಪುರದ ಬಸ್ಸು ಹತ್ತಿದೆ. ಕಂಡಕ್ಟರು ಅವನಿಗೂ ಒಂದು ಟಿಕೀಟು ಹರಿದು ಕೊಟ್ಟ. ಕೊಟ್ಟ ಮೇಲೆ ಬಗ್ಗಿ ನೋಡಿದ. ಮೋತಿಯ ನೆತ್ತಿಯ ಮೇಲೆ, ಎರಡು ಕಿವಿಗಳ ನಡುವೆ, ಉಣ್ಣಿಗಳು ಸಾಲಾಗಿ ಕುಳಿತಿದ್ದವು.

"ನರ್ಸಬಾಯಾರ, ಇದನ್ನ ನಾ ಒಯ್ಯಾಂಗಿಲ್ರಿ."

"ಟಿಕೀಟು ತಗೊಂಡೀನಲ್ಲ?"

"ನಾಯಿಗೆ ತಗೊಂಡೀರಿ, ಖರೆ ಐತಿ. ಆದ್ರ ಟಾಪಿನ ಮ್ಯಾಲೆ ಮಂದಿ ಕುಂಡ್ರಿಸಿಕೊಂಡು ಒಯ್ಯೂದು ಬಂದ್ ಮಾಡ್ಯಾರ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಗುತ್ತ ನಗುತ್ತ ಮುಂದಿನ ಸೀಟಿನ ಒಬ್ಬರು ಕುತ್ತಿಗೆ ತುರಿಸಿಕೊಂಡರು. ಅವರನ್ನು ನೋಡಿ ಪಕ್ಕದವರು ಬೆನ್ನು ತುರಿಸಿಕೊಂಡರು. ಊರ ಸೀಮೆ ದಾಟುವಷ್ಟರಲ್ಲಿ ನಗು ನಿಂತು ತುರಿಕೆಯೊಂದೇ ಉಳಿದಿತ್ತು. ನಮ್ಮ ಸುತ್ತಲಿನವರೆಲ್ಲ ಎದ್ದು ಹಿಂದೆ ಹೋಗಿ ನಿಂತರು. ಮೂರು ಜನ ಕೂಡ್ರುವ ಸೀಟಿನಲ್ಲಿ ಮೋತಿ ಕಾಲು ಚಾಚಿ ಮಲಗಿ ವಿಜಾಪುರ ತಲುಪಿದ. ಆ ಬಸ್ಸಿನಲ್ಲಿ ಅಷ್ಟು ಸುಖವಾಗಿ ಪ್ರಯಾಣ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ದೇವರು ಇಟ್ಟದ್ದು

ದನದ ದವಾಖಾನೆಯ ಡಾಕ್ಟರು ಮೋತಿಯ ತುಟಿ ಎತ್ತಿ ಒಸಡು ನೋಡಿದರು. ಒಸಡು ಸುಣ್ಣದಂತೆ ಬಿಳಿಚಿತ್ತು. ಕೊಡಬೇಕಾದ ಔಷಧ ಕೊಟ್ಟು, ಒಂದು ಉಣ್ಣಿಯನ್ನು ಹೇಗೆ ತೆಗೆಯಬೇಕೆಂದು ತೋರಿಸಿದರು. ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಬಳಿಯೇ ಚಿಮಟಿಗೆಯಿಂದ ಹಿಡಿಯಬೇಕು, ತಿರುವಬಾರದು, ಹಿಸುಕಬಾರದು, ನೆಟ್ಟಗೆ, ನಿಧಾನವಾಗಿ ಎಳೆಯಬೇಕು. ಬೀಡಿಯಿಂದ ಸುಡಬಾರದು. ಕಿತ್ತದ್ದನ್ನು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಹಾಕಬೇಕು.

"ನೋಡು ತಂಗಿ," ಎಂದು ಅದನ್ನು ಬಟ್ಟಲಲ್ಲಿ ತೋರಿಸಿದರು. "ಇದಕ್ಕ ರೆಕ್ಕಿ ಇಲ್ಲ, ಜಿಗಿಯಾಕ ಬರೂದಿಲ್ಲ. ಹುಲ್ಲಿನ ತುದಿಗೆ ಕೈ ಚಾಚಿ ತಿಂಗಳಾನುಗಟ್ಟಲೆ ಉಪವಾಸ ಕೂಡತದ. ಒಂದು ನಾಯಿ ಹಾದು ಹೋಗೋತನಕ."

ಸಿಸ್ಟರುಗಳಲ್ಲೂ ಅಂಥ ತಾಳ್ಮೆಯನ್ನು ನಾನು ಕಂಡಿರಲಿಲ್ಲ.

"ಒಂದೂ ಉಳೀಬಾರದು. ಎಲ್ಲಾ ಹೋದ್ರ ಎಂಟು ದಿವಸಕ್ಕ ಎದ್ದು ನಿಲ್ಲಬಹುದು" ಎಂದರು. ಎದ್ದು ನಿಲ್ಲುತ್ತದೆ ಎನ್ನಲಿಲ್ಲ.

ನಮ್ಮ ದವಾಖಾನೆಯ ಚಿಮಟಿಗೆಯ ಮೂತಿ ದಪ್ಪ. ತಿಕೋಟಾದಲ್ಲಿ ಸಣ್ಣ ಮೂತಿಯ ಚಿಮಟಿಗೆ ಇದ್ದದ್ದು ಒಬ್ಬ ಹಿರಿಯ ರೈತರ ಉಡದಾರದಲ್ಲಿ. ಜಾಲಿ ಮುಳ್ಳು ಮುರಿದು ಒಳಗೆ ಉಳಿದರೆ ಮೂರು ಊರಿನವರು ಕುಂಟುತ್ತ ಅವರ ಕಟ್ಟೆಗೇ ಬರುತ್ತಿದ್ದರು. ನಾನು ಊರಿಗೆ ಮರಳಿ ಕರೆದೊಡನೆ ಬಂದರು.

"ಕಾಕಾ, ಹಿಸುಕಬ್ಯಾಡ್ರಿ, ತಿರುವಬ್ಯಾಡ್ರಿ" ಎಂದೆ.

"ನರ್ಸಬಾಯಾರ, ನೀವು ಸುಮ್ನ ಕುಂಡ್ರಿ. ಮುಳ್ಳ ಅಂದ್ರೇನು, ಉಣ್ಣಿ ಅಂದ್ರೇನು. ಒಳಗ ಹೋಗಿದ್ದು ಹೊರಗ ಬರಬೇಕು."

ಅವರ ಪದ್ಧತಿ ಮುಳ್ಳಿನ ಪದ್ಧತಿ. ಮೊದಲು ಸುತ್ತಲೂ ಹಿಸುಕಿ ಮೇಲೆ ತರುವುದು, ಆಮೇಲೆ ಅತ್ತಿತ್ತ ಆಡಿಸಿ ಕೀಳುವುದು. ಮೊದಲನೆಯ ಉಣ್ಣಿಯ ಹೊಟ್ಟೆ ಅವರ ಕೈಯಲ್ಲಿ ಉಳಿಯಿತು, ಬಾಯಿ ಮೋತಿಯಲ್ಲಿ ಉಳಿಯಿತು. ಎರಡನೆಯದೂ ಹಾಗೆಯೇ ಆಯಿತು. ಅವರ ಹಣೆಯಲ್ಲಿ ಬೆವರು ಕಂಡಿತು. ಆಗ ಹೊಟ್ಟೆಯ ಕೆಳಗೆ ಇನ್ನೊಂದು ಸಿಕ್ಕಿತು. ಹಿಡಿದು ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಏಳಲಾರದ ಮೋತಿ ತಲೆ ಎತ್ತಿ ಊರಿಗೆ ಕೇಳುವಂತೆ ಒದರಿದ.

"ಇದು ಭಾಳ ಹಟಮಾರಿ ಐತ್ರಿ!"

ನಾನು ಬಗ್ಗಿ ನೋಡಿದೆ. "ಕಾಕಾ, ಬಿಡ್ರಿ ಅದನ್ನ. ಅದು ಉಣ್ಣಿ ಅಲ್ಲ, ಮೊಲೆ. ದೇವರು ಇಟ್ಟದ್ದು."

"ಗಂಡ ನಾಯಿಗೆ ಯಾಕ ಇಟ್ಟಾನ್ರಿ ದೇವರು?"

"ನಿಮಗೂ ಇಟ್ಟಾನಲ್ಲ."

ಅವರು ಚಿಮಟಿಗೆಯನ್ನು ಕೆಳಗಿಟ್ಟು ತಮ್ಮ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

ಯಾವ ಊರಿಂದು

ಮೂರನೆಯ ದಿನ ಬಬಲೇಶ್ವರದ ಒಬ್ಬ ಪೈಲ್ವಾನ ಮೊಣಕೈಯ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರದಂಥ ಆಳು. ಔಷಧದಿಂದ ಮೋತಿಗೆ ಒದೆಯುವಷ್ಟು ಶಕ್ತಿ ಮರಳಿತ್ತು, ಹಿಡಿಯುವವರು ಬೇಕಿತ್ತು. ಕೇಳಿದೆ.

"ಕ್ವಾಣ ಹಿಡದೇನ್ರಿ, ನಾಯಿ ಯಾವ ಲೆಕ್ಕ?" ಎಂದು ಅವನು ಮಂಡಿಯೂರಿದ.

ಕಾಕಾ ಕೊಟ್ಟುಹೋದ ಚಿಮಟಿಗೆಯಿಂದ ನಾನು ಒಂದು ಉಣ್ಣಿಯನ್ನು ಸರಿಯಾಗಿ ಕಿತ್ತೆ. ಎಣ್ಣೆಯ ಬಟ್ಟಲಿಗೆ ಹಾಕುವಾಗ ಅದು ಜಾರಿ ನೆಲಕ್ಕೆ ಬಿತ್ತು. ಪೈಲ್ವಾನ ಕಾಲು ಸರಿಸಿದ. ಚಟ್ ಎಂದಿತು. ಅವನು ಅಂಗಾಲು ತಿರುಗಿಸಿ ನೋಡಿಕೊಂಡ. ಅಷ್ಟು ಕೆಂಪು ಅಷ್ಟು ಸಣ್ಣ ಹೊಟ್ಟೆಯಲ್ಲಿ ಇತ್ತೆಂದು ನನಗೂ ನಂಬಲಾಗಲಿಲ್ಲ. ಅವನ ಕಣ್ಣುಗುಡ್ಡೆಗಳು ಮೇಲಾದವು. ಕಡಪಾ ಕಲ್ಲಿನ ನೆಲದ ಮೇಲೆ ಬೆನ್ನು ಹಚ್ಚಿ ಬಿದ್ದ. ಕಪಾಟಿನ ಸೀಸೆಗಳೆಲ್ಲ ಒಮ್ಮೆ ಗಿಲಿಗಿಲಿ ಎಂದವು.

ನಾನು ನೀರು ಚಿಮುಕಿಸಿದೆ. ಮೋತಿ ತೆವಳಿ ಬಂದು ಮುಖ ನೆಕ್ಕಿದ. ಎಷ್ಟೋ ಹೊತ್ತಿನ ಮೇಲೆ ಅವನು ಕಣ್ಣು ತೆರೆದ.

"ಯಾರ್ರೀ ನನ್ನ ಚಿತ್ ಮಾಡಿದವರು?"

"ಉಣ್ಣಿ" ಎಂದೆ.

ಅವನು ಮಲಗಿದಲ್ಲಿಂದಲೇ ಗೌರವದಿಂದ ಕೇಳಿದ: "ಯಾವ ಊರಿಂದು?"

ಕಾಣದ ಕಣ್ಣು

ಮರುದಿನ ಘೋಣಸಗಿಯ ಒಬ್ಬ ಕುರುಬರ ಅಜ್ಜಿ ಕಣ್ಣಿಗೆ ಔಷಧ ಹಾಕಿಸಿಕೊಳ್ಳಲು ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಮಾತ್ರ ಕಾಣುತ್ತಿತ್ತು. ಮೋತಿಯ ನರಳಾಟ ಕೇಳಿ ಬಾಗಿಲಲ್ಲೇ ಕುಳಿತಳು.

"ಬೀಳಪಾ" ಎಂದಳು. ಯಾರ ಮಾತಿಗೂ ಸುಮ್ಮನಾಗದ ಮೋತಿ ಮಗ್ಗುಲಾಗಿ ಮಲಗಿದ.

ಅವಳ ಬೆರಳುಗಳು ಕೂದಲಿಗೆ ಎದುರಾಗಿ, ಬಾಲದಿಂದ ತಲೆಯ ಕಡೆಗೆ ನಡೆದವು. ನಾನು ಮೂರು ದಿನ ಕಣ್ಣು ಕಿಸಿದು ಹುಡುಕಿದ್ದ ಮೈ ಅದು. ಕಿವಿಯ ಮಡಿಕೆಯಲ್ಲಿ, ಕೊರಳಪಟ್ಟಿಯ ಕೆಳಗೆ, ಬಗಲಲ್ಲಿ, ಬೆರಳ ಸಂದಿಯಲ್ಲಿ, ನನಗೆ ಕಾಣದಿದ್ದವೆಲ್ಲ ಅವಳಿಗೆ ಸಿಕ್ಕವು. ಎಡಗೈಯ ಉಗುರನ್ನು ಉಣ್ಣಿಯ ಬುಡಕ್ಕೆ ಇಟ್ಟು, ಆ ಉಗುರಿನ ಮೇಲಿಂದಲೇ ಚಿಮಟಿಗೆಯನ್ನು ಜಾರಿಸಿ ಹಿಡಿಯುವಳು. ಒಂದು ಉಸಿರಿನಷ್ಟು ಹೊತ್ತು ನೆಟ್ಟಗೆ ಎಳೆಯುವಳು. ಪ್ರತಿಯೊಂದೂ ಬಾಯಿ ಸಮೇತ ಬಂತು. ಡಾಕ್ಟರು ತೋರಿಸಿದ್ದ ರೀತಿಯೇ ಅದು. ಆದರೆ ಅವರ ಕೈಯಲ್ಲಿ ಅದು ವಿದ್ಯೆಯಾಗಿತ್ತು, ಇವಳ ಕೈಯಲ್ಲಿ ಪ್ರಾರ್ಥನೆಯಂತಿತ್ತು.

ಮೋತಿಯನ್ನು ನೋಡಲು ಬಂದಿದ್ದ ಕಾಕಾ ಮೆಲ್ಲಗೆ ಕೇಳಿದರು: "ನನ್ನ ಕೈಯಾಗ ಯಾಕ ಹರೀತಿದ್ದೂ ಬೇ?"

"ಮುಳ್ಳ ಸತ್ತದ್ದು, ಯಪ್ಪಾ. ಇದು ಜೀವ. ನೀ ಜಗ್ಗಿದಷ್ಟು ಅದೂ ಹಿಡೀತೈತಿ. ಅದಕ್ಕ ಸಾಕಾಗೋತನಕ ನೀ ತಡೀಬೇಕು."

ನಾನು ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ಅವಳ ಬೆರಳು ಮೋತಿಯನ್ನು ದಾಟಿ ನನ್ನ ಮಣಿಕಟ್ಟಿನ ಮೇಲೆ ಬಂದು ನಿಂತಿತು.

"ತಾಯಿ, ಅಲಗ್ಯಾಡಬ್ಯಾಡ."

ಹಳ್ಳಿ ಹಳ್ಳಿಗೆ ಹೋಗಿ ಸ್ವಚ್ಛತೆಯ ಮೇಲೆ ಭಾಷಣ ಮಾಡುತ್ತಿದ್ದವಳು ನಾನು. ಅಲುಗಾಡಲಿಲ್ಲ.

ತಾಯಿಯ ಪರೀಕ್ಷೆ

ಅಜ್ಜಿ ದಿನಬಿಟ್ಟು ದಿನ ಬಂದಳು. ಎಂಟನೆಯ ದಿನ ಮೋತಿ ಎದ್ದು ನಿಂತ. ಒಸಡಿಗೆ ಕೆಂಪು ಮರಳಿತು. ಹಾಲಿನಲ್ಲಿ ಮುರಿದ ರೊಟ್ಟಿ ತಿಂದ. ನನ್ನ ನೌಕರಿ ಉಳಿಯಿತೆಂದು ನಾನು ತಿಳಿದೆ. ಆದರೆ ಅವನಿಗೆ ಒಂದು ಹೊಸ ಅಭ್ಯಾಸ ಅಂಟಿತ್ತು. ಯಾರು ಬಂದರೂ, ಗುರುತಿನವರಿರಲಿ ಬಿಡಲಿ, ಅವರ ಮುಂದೆ ಅಂಗಾತ ಬಿದ್ದು ನಾಲ್ಕೂ ಕಾಲು ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದ.

ಅಮಾವಾಸ್ಯೆ ಕಳೆದ ಮೂರನೆಯ ದಿನ ಬೆಳಗಿನ ಬಸ್ಸಿಗೆ ತಾಯಿ ಇಳಿದಳು. ಅಂಗಳದಲ್ಲಿ ಅಜ್ಜಿ, ಕಾಕಾ, ಗಾಯದ ಪಟ್ಟಿ ಬಿಚ್ಚಿಸಲು ಬಂದಿದ್ದ ಪೈಲ್ವಾನ, ಮೂವರೂ ಕುಳಿತಿದ್ದರು. ಬೊಗಳಲಿ ಎಂದು ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಮೋತಿ ಎದ್ದು ಹೋಗಿ ತಾಯಿಯ ಪಾದ ಮೂಸಿದ. ಧೊಪ್ಪನೆ ಅಂಗಾತ ಬಿದ್ದ.

ತಾಯಿ ಚೀಲ ಕೆಳಗಿಟ್ಟಳು. "ಇದೇನ ನಿನ್ನ ಕಾವಲ ನಾಯಿ?"

"ಅವ್ವಾ, ಜಡ್ಡಿನಿಂದ ಈಗ ಎದ್ದಾನ…"

"ನಾ ಹೊಸಬಾಕಿ. ನನ್ನ ನೋಡಿ ಬೊಗಳಲಿಲ್ಲ, ಕಡೀಲಿಲ್ಲ, ಹೊಟ್ಟಿ ತೋರಿಸಿ ಮಲಗೇದ. ಗಂಟು ಕಟ್ಟು ನೀ. ಇವತ್ತಿನ ಬಸ್ಸಿಗೇ ಹೋಗೂಣು." ಹೀಗೆನ್ನುತ್ತ ಅವಳು ಸೆರಗು ಸಿಕ್ಕಿಸಿಕೊಂಡು ಮೋತಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. "ಮುಚ್ಚಿಡಬ್ಯಾಡ, ಖರೆ ಹೇಳು. ಕಳ್ಳ ಬಂದ್ರೂ ಹಿಂಗ ಮಾಡತದೇನು?"

ಸುಳ್ಳು ಹೇಳುವುದು ನನಗೆ ಬಾರದು. ಉತ್ತರ ಕೊಟ್ಟವಳು ಅಜ್ಜಿ.

"ಮಾಡತೈತ್ರಿ ಯವ್ವಾ. ಕಳ್ಳ ಬಂದ್ರ ಹಿಂಗ ಬೀಳತೈತಿ. ಕಳ್ಳ ಕುಂತು ಉಣ್ಣಿ ನೋಡಾಕ ಹತ್ತತಾನ. ಅಷ್ಟರಾಗ ನಾವು ಬರ್ತೀವಿ."

"ಕಳ್ಳ ಯಾಕ ಉಣ್ಣಿ ನೋಡತಾನ? ಅಂವಗ ಬ್ಯಾರೆ ಕೆಲಸಿಲ್ಲೇನು?" ಎಂದು ತಾಯಿ ಗದರಿದಳು.

ಎಲ್ಲರೂ ಅವಳ ಕೈಗಳನ್ನೇ ನೋಡುತ್ತಿದ್ದರು. ತಾಯಿಯೂ ಕೆಳಗೆ ನೋಡಿದಳು. ಅವಳ ಹತ್ತೂ ಬೆರಳು ಮೋತಿಯ ಬಗಲಿನ ಕೂದಲಿನಲ್ಲಿ ಆಗಲೇ ಮುಳುಗಿದ್ದವು. ಬಾಲದಿಂದ ತಲೆಯ ಕಡೆಗೆ ನಡೆಯುತ್ತಿದ್ದವು.

ತಲೆ ಎತ್ತದೆಯೇ ಅವಳು ನನ್ನ ಕಡೆಗೆ ಕೈ ಚಾಚಿದಳು.

"ಇಲ್ಲೆ ಒಂದು ಉಳದದ. ಚಿಮಟಿಗಿ ತಾ."